ವಿದುರಾಶ್ವತ್ಥದ ಲೆಕ್ಕ ಚುಕ್ತಾ ಆಗಿಲ್ಲ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರ ಗುಂಡಿಗೆ ಸತ್ತವರು ಎಷ್ಟು ಜನ? ಮೈಸೂರು ಸರ್ಕಾರದ ಲೆಕ್ಕ 10. ಇಂದು ಅಲ್ಲಿನ ಸ್ಮಾರಕ ನೆನೆಯುವುದು 32 ಮಂದಿಯನ್ನು. ಗುಂಡು ಹೊಡೆಸಿದವರೇ ಹೆಣ ಎಣಿಸಿದರೆ ಲೆಕ್ಕ ಹೀಗೆಯೇ ಬರುತ್ತದೆ.

ಮದ್ದೂರು ಬಳಿಯ ಶಿವಪುರದ ಧ್ವಜ ಸತ್ಯಾಗ್ರಹ ಮುಗಿದು ಹೆಚ್ಚುಕಡಿಮೆ ಎರಡು ವಾರವಷ್ಟೇ ಆಗಿತ್ತು. ನಿಷೇಧಾಜ್ಞೆ ಮೀರಿ ಸಭೆ ಸೇರಿದ್ದು, ಕಾಂಗ್ರೆಸ್ ಬಾವುಟ ಹಾರಿಸಲು ಹೊರಟಿದ್ದು, ಇಷ್ಟೇ ಜನರ ತಪ್ಪು. ಮಕ್ಕಳಾಗಲೆಂದು ಹೆಂಗಸರು ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಅಶ್ವತ್ಥ ಸುತ್ತುವ ಊರಿನಲ್ಲಿ ಗರ್ಭಿಣಿ ಗೌರಮ್ಮ ಬಲಿಯಾದರು. ಮರುತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಸರ್ದಾರ್ ಪಟೇಲರೊಂದಿಗೆ ಒಪ್ಪಂದಕ್ಕೆ ಬಂದು, ಮೈಸೂರು ಬಾವುಟದ ಪಕ್ಕದಲ್ಲಿ ಅದೇ ಬಾವುಟ ಹಾರಲು ಬಿಟ್ಟರು. ಮೇ ತಿಂಗಳಲ್ಲಿ ಕೊಡಬಹುದಾಗಿದ್ದ ಅನುಮತಿಗೆ ಏಪ್ರಿಲ್‌ನಲ್ಲಿ ಇಷ್ಟು ಜೀವ ಹೋಗಬೇಕಿತ್ತೆ?

ಕಾಲ ಬದಲಾಯಿತು, ರಾಜ್ಯ ಬದಲಾಯಿತು, ಕೋಲಾರದಿಂದ ಬೇರೆಯಾಗಿ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯೂ ಆಯಿತು. ಬದಲಾಗದೆ ಉಳಿದದ್ದು ಒಂದು ಕಲಮು. ಗುಂಪು ಚದುರಿಸುವಾಗ ಬಲ ಬಳಸಿದ ಅಧಿಕಾರಿಯ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎಂಬ ಮಾತು ಬ್ರಿಟಿಷರ 1898ರ ದಂಡಪ್ರಕ್ರಿಯೆ ಸಂಹಿತೆಯಲ್ಲಿತ್ತು, 1973ರ ಸಂಹಿತೆಯಲ್ಲೂ ಉಳಿಯಿತು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 151ನೇ ಕಲಮಾಗಿ ಇಂದಿಗೂ ಇದೆ. ಸೋಜಿಗವೆಂದರೆ, ಇತರ ಸರ್ಕಾರಿ ನೌಕರರ ವಿಷಯದಲ್ಲಿ ಇದೇ ಸಂಹಿತೆಯ 218ನೇ ಕಲಮು 120 ದಿನಗಳ ಗಡುವು ಹಾಕಿದೆ. ಅಷ್ಟರಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ. ಗುಂಡು ಹಾರಿಸಿದ ಪ್ರಕರಣಕ್ಕೆ ಮಾತ್ರ ಅಂಥ ಗಡುವಿಲ್ಲ. ಕಡತ ಎಷ್ಟು ವರ್ಷ ಬೇಕಾದರೂ ವಿಧಾನಸೌಧದಲ್ಲಿ ಕೊಳೆಯಬಹುದು.

ಪೊಲೀಸರ ಮೇಲೂ ಕಲ್ಲು ಬೀಳುತ್ತದೆ, ನಿಜ. ಪ್ರಾಣರಕ್ಷಣೆಗಾಗಿ ಹೊಡೆದಿದ್ದರೆ ಆ ಹಕ್ಕನ್ನು ಕಾನೂನೇ ಕೊಟ್ಟಿದೆ. ಅದನ್ನು ನ್ಯಾಯಾಧೀಶರ ಮುಂದೆ ಹೇಳಲಿ. ತಮ್ಮದೇ ಇಲಾಖೆಯ ಮುಂದೆ ಹೇಳಿ ಕೈ ತೊಳೆದುಕೊಳ್ಳುವುದು ಬೇಡ.

ದೂರು ಕೊಡುವ ದಾರಿ ಇಲ್ಲವೆಂದಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕೆಂದಿತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಚಿಂತಾಮಣಿಯ ಎಪಿಎಂಸಿಯಲ್ಲಿ ನಿಂತು ಆ ಪ್ರಾಧಿಕಾರದ ವಿಳಾಸ ಕೇಳಿ ನೋಡಿ. ಲಾಠಿ ಏಟು ತಿಂದವನಿಗೆ ಗೊತ್ತಿಲ್ಲದ ಪ್ರಾಧಿಕಾರ ಇದ್ದೂ ಇಲ್ಲದಂತೆ.

ದಂಡಪ್ರಕ್ರಿಯೆ ಸಮವರ್ತಿ ಪಟ್ಟಿಯ ವಿಷಯ. ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ತಿದ್ದುಪಡಿ ತರಬಹುದು. 151ನೇ ಕಲಮಿಗೂ 120 ದಿನಗಳ ಗಡುವು ಸೇರಿಸಬೇಕು. ಗುಂಡಿಗೆ ಯಾರೇ ಸತ್ತರೂ ವಿಚಾರಣೆ ನ್ಯಾಯಾಂಗದ ಕೈಗೆ ಹೋಗಬೇಕು. ಪ್ರಾಧಿಕಾರದ ವಿಳಾಸ, ಫೋನ್ ನಂಬರು ಪ್ರತಿ ಠಾಣೆಯ ಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಕಾಣಬೇಕು. ಇದಕ್ಕಾಗಿ ಸದನದಲ್ಲಿ ಬಾಯಿ ಬಿಡದ ಈ ಜಿಲ್ಲೆಯ ಶಾಸಕರಿಗೆ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಹಾರ ಹಾಕುವ ಹಕ್ಕಿಲ್ಲ.