ಚಿಕ್ಕ ಗಣಕವೋ, ಹಳೆಯ ಗಣಕವೋ?

ಯಂತ್ರವು ಚಿಕ್ಕದಾದಷ್ಟೂ ಪ್ರಕೃತಿಯ ಮೇಲೆ ಅದರ ಹೊರೆ ಕಡಮೆಯೆಂಬ ನಂಬಿಕೆಯು ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಅಂಗೈಯಗಲದ ಒಂದೇ ಫಲಕದಲ್ಲಿ ಇಡೀ ಗಣಕಯಂತ್ರವನ್ನು ಅಡಗಿಸಿಕೊಂಡು 2012ರಲ್ಲಿ ಬ್ರಿಟನ್ನಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಈ ನಂಬಿಕೆಗೆ ಪುಷ್ಟಿಯನ್ನಿತ್ತಿತು. ಇತ್ತ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತ ಮೇಲೆ, ಸುಸ್ಥಿತಿಯಲ್ಲಿರುವ ಎಷ್ಟೋ ಗಣಕಗಳು ಮೂಲೆಗುಂಪಾಗುತ್ತಿವೆ. ಇವನ್ನು ಬಿಸುಟು ಚಿಕ್ಕ ಫಲಕವನ್ನು ಕೊಳ್ಳುವುದೇ ವಿವೇಕವೆ? ಎಲ್ಲ ಸಂದರ್ಭಗಳಲ್ಲಿಯೂ ಅಲ್ಲವೆಂದು ನನ್ನ ಅಭಿಪ್ರಾಯ.

ಗಣಕವೊಂದು ನುಂಗುವ ಶಕ್ತಿಯಲ್ಲಿ ಎರಡು ಪಾಲು: ತಯಾರಿಕೆಯದೊಂದು, ಬಳಕೆಯದೊಂದು. ಸಿಲಿಕಾನನ್ನು ಶುದ್ಧಿಮಾಡಿ, ಅದರ ಮೇಲೆ ಸೂಕ್ಷ್ಮ ಮಂಡಲಗಳನ್ನು ರೂಪಿಸಲು ಅಪಾರ ವಿದ್ಯುತ್ತೂ ನೀರೂ ಬೇಕು. ಹಳೆಯ ಯಂತ್ರದ ಮಟ್ಟಿಗೆ ಈ ವೆಚ್ಚವು ಆಗಿಹೋದ ಮಾತು. ಹೊಸ ಫಲಕವು ಎಷ್ಟೇ ಕಿರಿದಾದರೂ ಅದನ್ನು ಹೊಸದಾಗಿಯೇ ತೆರಬೇಕು. ಆದುದರಿಂದ, ಬಳಕೆಯಲ್ಲಿ ಅದು ಉಳಿಸುವುದೆಷ್ಟು ಎಂಬುದೇ ಪ್ರಶ್ನೆ.

ಲೆಕ್ಕ ಸುಲಭ. ಒಂದು ವ್ಯಾಟಿನ ಉಪಕರಣವು ವರ್ಷವಿಡೀ ಹಗಲಿರುಳು ನಡೆದರೆ ಸುಮಾರು 8.8 ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಮಳೆ, ಉಷ್ಣತೆಗಳನ್ನು ಸದಾ ದಾಖಲಿಸುತ್ತಿರಬೇಕಾದ ಗಣಕವೊಂದಿದೆಯೆನ್ನೋಣ. 40 ವ್ಯಾಟಿನ ಹಳೆಯ ಮೇಜುಗಣಕವು ಈ ಕೆಲಸಕ್ಕೆ ವರ್ಷಕ್ಕೆ 350 ಯೂನಿಟ್ ಬೇಡಿದರೆ, 4 ವ್ಯಾಟಿನ ಫಲಕಕ್ಕೆ 35 ಸಾಕು. ನಮ್ಮ ದೇಶದಲ್ಲಿ ಯೂನಿಟ್ಟೊಂದಕ್ಕೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಉಳಿತಾಯವು ವರ್ಷಕ್ಕೆ 220 ಕಿಲೋಗ್ರಾಂ. ಇಲ್ಲಿ ಚಿಕ್ಕ ಫಲಕವೇ ಯೋಗ್ಯವೆಂಬುದು ನಿಸ್ಸಂದೇಹ.

ಆದರೆ ವಿದ್ಯಾರ್ಥಿಯು ದಿನಕ್ಕೆ ಎರಡು ಗಂಟೆ ಓದು ಬರಹಕ್ಕಾಗಿ ಬಳಸುವ ಗಣಕದ ಸಂಗತಿ ಬೇರೆ. 15 ವ್ಯಾಟಿನ ಹಳೆಯ ಲ್ಯಾಪ್‌ಟಾಪಿಗೆ ಪರದೆಯೂ ಸೇರಿ ವರ್ಷಕ್ಕೆ 11 ಯೂನಿಟ್ ಸಾಕು. ಫಲಕಕ್ಕೆ ಮೂರೇ ಯೂನಿಟ್ ಎಂದು ಹಿಗ್ಗಬೇಡಿ! ಅದಕ್ಕೆ ಪ್ರತ್ಯೇಕ ಪರದೆಯೊಂದು ಬೇಕು. ಆ ಪರದೆಯೊಂದೇ 15 ವ್ಯಾಟ್ ನುಂಗಿದರೂ ಮೊತ್ತವು 14ಕ್ಕೇರುತ್ತದೆ. ಜೊತೆಗೆ ಕೀಲಿಮಣೆ, ಮೆಮೊರಿ ಕಾರ್ಡು, ಅಡಾಪ್ಟರು. ಮನೆಯಲ್ಲಿಲ್ಲದವನ್ನೆಲ್ಲ ಹೊಸದಾಗಿ ಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸನ್ನು ಅಳವಡಿಸಿ, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಯೊಂದನ್ನು ಜೋಡಿಸಿದರೆ ಅದು ಇನ್ನೂ ಹಲವು ವರ್ಷ ದುಡಿದೀತು. ಹಾಗೆಂದು, ಹಳೆಯದೆಂಬ ಒಂದೇ ಕಾರಣಕ್ಕೆ 100 ವ್ಯಾಟ್ ನುಂಗುವ ದೈತ್ಯನನ್ನು ಮನೆಗೆ ತರುವುದನ್ನು ನಾನು ಸಮರ್ಥಿಸಲಾರೆ.

ಇನ್ನು, ಗಣಕದ ಬೆನ್ನಿನ ಮೇಲೆ 450 ವ್ಯಾಟ್ ಎಂದು ಬರೆದಿರುವುದನ್ನು ಕಂಡು ಗಾಬರಿಪಡುವವರುಂಟು. ಅದು ವಿದ್ಯುತ್ ಪೂರೈಸುವ ಭಾಗದ ಸಾಮರ್ಥ್ಯವೇ ಹೊರತು ಬಳಕೆಯಲ್ಲ. ನಿಜವಾದ ಬಳಕೆಯನ್ನು ನೀವೇ ಅಳೆಯಬಹುದು. ಮನೆಯ ಉಳಿದ ಉಪಕರಣಗಳನ್ನೆಲ್ಲ ನಿಲ್ಲಿಸಿ, ಗಣಕವೊಂದನ್ನೇ ನಡೆಸಿ, ವಿದ್ಯುತ್ ಮೀಟರಿನ ಕೆಂಪು ದೀಪವನ್ನು ಗಮನಿಸಿ. ಯೂನಿಟ್ಟೊಂದಕ್ಕೆ ಅದು ಎಷ್ಟು ಸಲ ಮಿನುಗುವುದೆಂಬುದು ಮೀಟರಿನ ಮೇಲೆಯೇ ಮುದ್ರಿತವಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದರೆ, ಎರಡು ಮಿನುಗುಗಳ ನಡುವಣ ಸೆಕೆಂಡುಗಳಿಂದ 1125ನ್ನು ಭಾಗಿಸಿ, ದೊರೆತದ್ದೇ ವ್ಯಾಟ್. 25 ಸೆಕೆಂಡಿಗೊಮ್ಮೆ ಮಿನುಗಿದರೆ 45 ವ್ಯಾಟ್. ಸಂಖ್ಯೆ 1600 ಇದ್ದಲ್ಲಿ 1125ರ ಬದಲು 2250ನ್ನು ಬಳಸಬೇಕು. ಹತ್ತು ಮಿನುಗುಗಳ ಸರಾಸರಿಯನ್ನು ತೆಗೆದುಕೊಂಡರೆ ಫಲಿತಾಂಶವು ಇನ್ನೂ ನಿಖರವಾಗುತ್ತದೆ.