ತಂತ್ರಾಂಶಕ್ಕೂ ಮೂಗುದಾರ ಬೇಕು

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಆಗಿನ ಗುರಿ 63,000 ಸಂಘಗಳು. ಲೆಕ್ಕಕ್ಕೆ ಸಮಾನ ತಂತ್ರಾಂಶ. ಗುಬ್ಬಿಯ ಸಾಲದ ಖಾತೆಗೂ ಕುಣಿಗಲಿನ ಖಾತೆಗೂ ಒಂದೇ ಅಚ್ಚಿದ್ದರೆ ಲೆಕ್ಕಪರಿಶೋಧನೆ ಸುಲಭವೇ. ಆದರೆ ತಂತ್ರಾಂಶ ಬರೆಯುವ ತಂಡದ ಮೇಲೆ ಹತೋಟಿ ಹೇಗಿರಬೇಕು?

ಪ್ರತಿಯೊಂದಕ್ಕೂ ಮೇಲಿನವರ ಸಹಿ ಬೇಕೆಂದರೆ, ರಸೀದಿಯ ಒಂದಕ್ಷರ ತಿದ್ದುವಷ್ಟರಲ್ಲಿ ಅಡಿಕೆ ಕೊಯ್ಲೇ ಮುಗಿದೀತು. ಎಲ್ಲವನ್ನೂ ತಂಡಕ್ಕೇ ಬಿಟ್ಟರೆ, ಬಡ್ಡಿಯ ಲೆಕ್ಕ ಯಾವಾಗ ಬದಲಾಯಿತೆಂದು ಸಾಲ ತೆತ್ತ ರೈತನಿಗೆ ತಿಳಿಯದು.

ಅಪಾಯಕ್ಕೆ ತಕ್ಕ ಹತೋಟಿಯಿರಲೆಂಬುದು ನಮ್ಮ ಅಭಿಪ್ರಾಯ. ಪರದೆಯ ಅಂದ, ಅಕ್ಷರದೋಷಗಳ ಕೆಲಸ ತಂಡದ ವಿವೇಚನೆಗಿರಲಿ. ಸಾಲ, ಬಡ್ಡಿ, ಷೇರು ಮುಟ್ಟುವ ಬದಲಾವಣೆಯನ್ನು ಬರೆದವರಲ್ಲದೆ ಬೇರೊಬ್ಬರು ಪರೀಕ್ಷಿಸಲಿ. ಹಳೆಯ ಖಾತೆಗಳ ಮೇಲೆ ಓಡಿಸಿ ತಾಳೆ ನೋಡಲಿ. ದಿನಾಂಕ, ಕಾರಣ, ಒಪ್ಪಿದವರ ಹೆಸರು ದಾಖಲಾಗಲಿ. ಸಂಘಗಳ ಕಾರ್ಯದರ್ಶಿಗಳ ಮಾತಿಗೂ ಅಲ್ಲಿ ಬೆಲೆಯಿರಲಿ.

ಎತ್ತಿಗೆ ಮೂಗುದಾರ ಬೇಕು, ನಿಜ. ನಾಲ್ಕು ಕಾಲನ್ನೂ ಕಟ್ಟಿದರೆ ಉಳುವುದೆಂತು? ತುಮಕೂರು ಜಿಲ್ಲೆಯ ಸದಸ್ಯ ಬಂಧುಗಳು ತಮ್ಮ ಸಂಘದ ಮಹಾಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಬೇಕೆಂದು ನಮ್ಮ ವಿನಂತಿ.