ವೀಕ್ಷಣಾ ಹಾಳೆಯಲ್ಲಿ ಇಲ್ಲದ ಒಂದು ಕಲಂ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿಯ ಪೀಠಿಕೆ ಚೆನ್ನಾಗಿತ್ತು, ಹಲಗೆ ಬರಹ ಅಚ್ಚುಕಟ್ಟಾಗಿತ್ತು. ಒಬ್ಬ ಹುಡುಗ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟ. "ಹುಚ್ಚ ಹಿಡದೈತೇನಲೇ? ಧಾರವಾಡಕ್ಕ ಕಳಸಬೇಕು ನಿನ್ನ" ಎಂದರು ನಮ್ಮ ಪ್ರಶಿಕ್ಷಣಾರ್ಥಿ. ತರಗತಿ ನಕ್ಕಿತು. ಹುಡುಗನೂ ನಕ್ಕ. ಆದರೆ ತಾಸು ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ.

ನನ್ನ ಪೆನ್ನು ಅಲ್ಲೇ ನಿಂತಿತು. ಧಾರವಾಡಕ್ಕೆ ಹೋಗುವವಳು ನಾನೇ. ನನಗೆ ಬೈಪೋಲಾರ್ ಕಾಯಿಲೆ ಇದೆ. ಹನ್ನೊಂದು ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ರಕ್ತದಲ್ಲಿ ಅದರ ಪ್ರಮಾಣ ಆಗಾಗ ನೋಡಿಸಿಕೊಳ್ಳಬೇಕು. ಅದಕ್ಕಾಗಿ ಲೋಂಡಾ, ಅಳ್ನಾವರದ ಹಾದಿಯಲ್ಲಿ ಧಾರವಾಡಕ್ಕೆ ರೈಲಿನಲ್ಲಿ ಹೋಗಿಬರುತ್ತೇನೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಅಲ್ಲಿನ ಸಂಸ್ಥೆ ಇಂದು ಡಿಮ್ಹಾನ್ಸ್. ಚಿಕಿತ್ಸೆಯ ಜೊತೆಗೆ ಮನೋವೈದ್ಯರನ್ನು ತಯಾರು ಮಾಡುವ ಕೆಲಸವೂ ಅಲ್ಲಿ ನಡೆಯುತ್ತದೆ. ನಮ್ಮ ಭಾಗದ ಬೈಗುಳದಲ್ಲಿ ಮಾತ್ರ ಅದು ಇನ್ನೂ ಹಳೆಯ ಹುಚ್ಚಾಸ್ಪತ್ರೆಯೇ.

ನಾನೂ ಬಹಳ ವರ್ಷ ಮುಚ್ಚಿಟ್ಟೆ. ಮೊದಲ ಸಲ ರಜೆ ಮುಗಿಸಿ ಬಂದಾಗ ಹಿತೈಷಿಯೊಬ್ಬರು "ಟೈಫಾಯ್ಡ್ ಆಗಿತ್ತಂತ ಹೇಳ್ರಿ" ಎಂದರು. ಹಾಗೆಯೇ ಹೇಳಿದೆ. ಒಮ್ಮೆ ಪೌರತ್ವ ತರಬೇತಿ ಶಿಬಿರದಲ್ಲಿ ಕೋಣೆ ಹಂಚಿಕೊಳ್ಳಬೇಕಿತ್ತು. ಯಾರಾದರೂ ನೋಡಿಯಾರೆಂದು ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಹೋದೆ. ನಿದ್ದೆ ಕೆಟ್ಟಿತು, ಮಾತು ಹಿಡಿತ ತಪ್ಪಿತು, ಮತ್ತೆ ಆಸ್ಪತ್ರೆ ಸೇರಿದೆ. ಆ ಸಲ ನನ್ನನ್ನು ಮಲಗಿಸಿದ್ದರಲ್ಲಿ ಕಾಯಿಲೆಯಷ್ಟೇ ಪಾಲು ನಾಚಿಕೆಯದೂ ಇತ್ತು.

ಪಾಠದ ನಂತರ ಆ ಪ್ರಶಿಕ್ಷಣಾರ್ಥಿಗೆ ಇದನ್ನೆಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. "ಮೇಡಂ, ನಮ್ಮ ಸರ್ ಸಾಲ್ಯಾಗ ಹಂಗ ಅಂತಿದ್ರು, ಬಾಯಿಗೆ ಬಂದುಬಿಡ್ತು" ಎಂದರು. ಅವರನ್ನು ನಾನು ದೂರುವುದಿಲ್ಲ. ಸಹಜವಾಗಿ ಆಡಿದ ಮಾತಿಗೆ ಇಷ್ಟು ದೊಡ್ಡದು ಮಾಡಬೇಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳಿದ್ದಾರೆ. ಸಹಜವಾಗಿ ಬಂತು ಎಂಬುದೇ ನನ್ನ ಚಿಂತೆ. ಅದು ಒಬ್ಬ ಶಿಕ್ಷಕರಿಂದ ಇನ್ನೊಬ್ಬ ಶಿಕ್ಷಕರಿಗೆ ಬಂದ ಪಾಠ. ಆ ತರಗತಿಯಲ್ಲಿ ಯಾವ ಮಗುವಿನ ಮನೆಯಲ್ಲಿ ಯಾರು ಧಾರವಾಡದ ಮಾತ್ರೆ ನುಂಗುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಕಾಣಬೇಕೆಂದು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸಮನ್ವಯ ಶಿಕ್ಷಣದ ಘಟಕದಲ್ಲಿ ನಾವಿದನ್ನು ಬೋಧಿಸುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ. ಆದರೆ ವೀಕ್ಷಣಾ ಹಾಳೆಯಲ್ಲಿ ಧ್ವನಿಯ ಏರಿಳಿತಕ್ಕೆ ಅಂಕವಿದೆ, ಮಗುವನ್ನು ಯಾವ ಮಾತಿನಿಂದ ತಿದ್ದಿದರು ಎಂಬುದಕ್ಕೆ ಕಲಂ ಇಲ್ಲ. ಅದೊಂದನ್ನು ಸೇರಿಸೋಣ. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲ ಕಲಿಸುವಾಗ ತಪ್ಪು ಉತ್ತರಕ್ಕೆ ಅವಮಾನವಿಲ್ಲದೆ ಪ್ರತಿಕ್ರಿಯಿಸುವುದನ್ನೂ ಅಭ್ಯಾಸ ಮಾಡಿಸೋಣ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ವಿದ್ಯಾರ್ಥಿಯ ನಡವಳಿಕೆ ದಿಢೀರನೆ ಬದಲಾದರೆ ಕಾಯಿಲೆಗೆ ಹೆಸರಿಡುವುದು ನಿಮ್ಮ ಕೆಲಸವಲ್ಲ. ಒಬ್ಬನೇ ಇರುವಾಗ ಮಾತನಾಡಿಸಿ, ಮುಖ್ಯ ಗುರುಗಳಿಗೆ ತಿಳಿಸಿ, ಪಾಲಕರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಡಿ. ಸ್ಟಾಫ್ ರೂಮಿನಲ್ಲಿ ಅದನ್ನು ಸುದ್ದಿ ಮಾಡಬೇಡಿ.

ಮುಂದಿನ ಪಾಠದಲ್ಲಿ ಆ ಪ್ರಶಿಕ್ಷಣಾರ್ಥಿ ಅದೇ ಹುಡುಗನಿಗೆ ಮೊದಲ ಪ್ರಶ್ನೆ ಕೇಳಿದರು. ಉತ್ತರ ಅರ್ಧ ಸರಿಯಿತ್ತು. "ಇಷ್ಟು ಬರೋಬರಿ ಐತಿ, ಮುಂದ ಹೇಳು" ಎಂದರು. ನಾನು ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.